ಅದು ಕನ್ನಡವಾಗಿರಲಿಲ್ಲ

ಕೊಚ್ಚಿ ಹತ್ತಿರದ ಆಲುವ ರೈಲು ನಿಲ್ದಾಣದಲ್ಲಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಪಳಂಪೊರಿಯ ಪರಿಮಳ ಏಳುತ್ತದೆ. ನೇಂದ್ರ ಬಾಳೆಹಣ್ಣನ್ನು ಉದ್ದಕ್ಕೆ ಸೀಳಿ, ಹಿಟ್ಟಿನಲ್ಲಿ ಅದ್ದಿ, ತೆಂಗಿನೆಣ್ಣೆಯಲ್ಲಿ ಕರಿಯುವ ಈ ತಿಂಡಿಗೆ ನಮ್ಮ ಮಂಜೇಶ್ವರದ ಕಡೆ ಬಾಳೆಹಣ್ಣಿನ ಪೋಡಿ ಎನ್ನುತ್ತೇವೆ. ಕರಿದದ್ದನ್ನು ಬಿಟ್ಟಿದ್ದೇನೆ ಎಂದು ಮನೆಯವರ ಎದುರು ಹೇಳಿ ಮೂರು ತಿಂಗಳಾಯಿತು. ಆದರೆ ಬಿಟ್ಟದ್ದು ತಿನ್ನುವುದನ್ನು, ಮೂಸುವುದನ್ನಲ್ಲ. ಉತ್ತರದಿಂದ ಬರುವ ಗಾಡಿ ಅರ್ಧ ಗಂಟೆ ತಡ ಎಂದು ಧ್ವನಿವರ್ಧಕ ಹೇಳಿದ ಮೇಲೆ, ಅಂಗಡಿಯ ಕಡೆಯಿಂದ ಗಾಳಿ ಬೀಸುವ ಬೆಂಚನ್ನೇ ಹುಡುಕಿ ಕುಳಿತೆ. ಕುಳಿತವಳಿಗೆ ಎಂದಿನಂತೆ ರೈಗಳ ಕೈಯಿಂದ ಜಾರಿ ಬಿದ್ದ ಒಂದು ಪಳಂಪೊರಿಯ ನೆನಪಾಯಿತು. ಗಾಡಿ ಬರುವ ತನಕ ನಿಮಗೂ ಬೇರೆ ಕೆಲಸವಿಲ್ಲದಿದ್ದರೆ ಹೇಳುತ್ತೇನೆ.

ಕುಂಞಣ್ಣ ರೈಗಳು ಕುಂಬಳೆಯವರು. ಹತ್ತಿರ ಹತ್ತಿರ ಇಪ್ಪತ್ತು ವರ್ಷಗಳ ಕೆಳಗೆ, ತಿರುವನಂತಪುರದ ಸರಕಾರಿ ಕಚೇರಿಯೊಂದರ ಭಾಷಾಂತರ ವಿಭಾಗಕ್ಕೆ ನಾನು ಸೇರಿದಾಗ ಅಲ್ಲಿದ್ದ ಒಬ್ಬರೇ ಒಬ್ಬರು ಕನ್ನಡದವರು. ಕಾಸರಗೋಡಿನ ಕನ್ನಡಿಗರಿಗಾಗಿ ಸುತ್ತೋಲೆ, ಅರ್ಜಿ ನಮೂನೆ, ಪ್ರಕಟಣೆಗಳನ್ನು ಕನ್ನಡಕ್ಕೆ ತರುವುದು ನಮ್ಮ ಕೆಲಸ. ಇಡೀ ಹಾಲಿನಲ್ಲಿ ಮಲಯಾಳ ತುಂಬಿಕೊಂಡಿತ್ತು, ಮೂಲೆಯ ಎರಡು ಮೇಜುಗಳಲ್ಲಿ ಮಾತ್ರ ನಾವಿಬ್ಬರು ಮತ್ತು ನಮ್ಮ ಕನ್ನಡ. ರೈಗಳಿಗೆ ಆಗ ಐವತ್ತೊಂದು. ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಕಚೇರಿಯಲ್ಲಿ ಕನ್ನಡ; ಮೂರರಲ್ಲಿಯೂ ಅವರಿಗೆ ಪೂರ್ಣವಿರಾಮ ಎಂಬುದು ಗೊತ್ತಿರಲಿಲ್ಲ. ಹನ್ನೆರಡು ವರ್ಷ ಕನ್ನಡ ಕೇಳುವ ಕಿವಿಯೊಂದು ಸಿಗದೆ ಒಬ್ಬರೇ ಕುಳಿತಿದ್ದವರು, ಪಾಪ. ಆ ಹನ್ನೆರಡು ವರ್ಷದ ಬಾಕಿಯೆಲ್ಲ ನನ್ನ ಮೇಲೆ ಬಿತ್ತು. ಅವರು ಬಾಯಿ ತೆರೆಯುವ ಮೊದಲೇ ನಾನು ಕಡತ ತೆರೆದು ಹುಬ್ಬು ಗಂಟಿಕ್ಕುವುದನ್ನು ಕಲಿತಿದ್ದೆ. ಅದರಿಂದ ನನಗೆ ಕೆಲಸದಲ್ಲಿ ಬಹಳ ಶ್ರದ್ಧೆಯವಳೆಂಬ ಹೆಸರೂ ಬಂತು.

ನಮ್ಮಿಬ್ಬರ ನಡುವೆ ನಿಜವಾಗಿ ಜಗಳವಾದದ್ದು ಒಂದೇ ವಿಷಯಕ್ಕೆ. ಪಾರ್ಶ್ವವಾಯುವಿನ ಲಕ್ಷಣಗಳನ್ನು ಜನ ಬೇಗ ಗುರುತಿಸಬೇಕು ಎಂಬ ಕರಪತ್ರವೊಂದು ಭಾಷಾಂತರಕ್ಕೆ ಬಂದಿತ್ತು. ನಾನು ಮೊದಲ ಕರಡು ಮಾಡಿದೆ: ಮುಖ ಒಂದು ಬದಿಗೆ ಓರೆಯಾಗುವುದು, ಒಂದು ಕೈ ಸೋತುಹೋಗುವುದು, ಮಾತು ತೊದಲುವುದು. ರೈಗಳು ಕೆಂಪು ಶಾಯಿಯ ಪೆನ್ನು ತೆಗೆದು ಎಲ್ಲವನ್ನೂ ಹೊಡೆದು ಹಾಕಿ, ‘ವದನ ವೈರೂಪ್ಯ’, ‘ಏಕಪಾರ್ಶ್ವ ದೌರ್ಬಲ್ಯ’, ‘ವಾಕ್‌ಸ್ಖಲನ’ ಎಂದು ಬರೆದರು. ಕುಂಬಳೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತವನಿಗೆ ಇದು ಅರ್ಥವಾಗುತ್ತದೆಯೇ ಎಂದು ಕೇಳಿದೆ.

“ಅರ್ಥ ಆಗದಿದ್ದರೆ ಡಾಕ್ಟರಲ್ಲಿ ಕೇಳಲಿ. ಸರಕಾರದ ಕನ್ನಡಕ್ಕೆ ಒಂದು ತೂಕ ಬೇಕು ತಂಗೀ.”

ಮೂರು ದಿನ ವಾದ ನಡೆಯಿತು. ಕೊನೆಗೆ ಇಬ್ಬರೂ ಸೋಲದೆ ಕಡತವನ್ನು ಬದಿಗಿಟ್ಟೆವು. ಒಂದು ಮಾತು ಒಪ್ಪಿಕೊಳ್ಳಬೇಕು. ಅಷ್ಟು ಹೊತ್ತು ಜಗಳವಾಡಿದ ನಾವಿಬ್ಬರೂ ಆ ಕರಪತ್ರವನ್ನು ಓದಿರಲಿಲ್ಲ. ಭಾಷಾಂತರ ಮಾಡಿದ್ದೆವು, ಅಷ್ಟೇ. ಓದಿದ್ದರೆ, ರಕ್ತದೊತ್ತಡದ ಮಾತ್ರೆಯನ್ನು ನೆನಪಾದ ದಿನ ಮಾತ್ರ ನುಂಗುತ್ತಿದ್ದ ರೈಗಳು ಎರಡನೆಯ ಪುಟದಲ್ಲಿ ಒಮ್ಮೆ ನಿಲ್ಲಬೇಕಿತ್ತು.

ಅದಾಗಿ ತಿಂಗಳು ಕಳೆದಿರಬಹುದು. ಹನ್ನೊಂದು ಗಂಟೆಗೆ ಕ್ಯಾಂಟೀನಿನಿಂದ ಚಹಾ ಮತ್ತು ಬಿಸಿ ಪಳಂಪೊರಿ ಬಂತು. ಟೈಪಿಸ್ಟ್ ಓಮನ ಚೇಚಿಯ ಮೇಜಿನ ಸುತ್ತ ನಾವು ಐದಾರು ಮಂದಿ ಸೇರುವುದು ರೂಢಿ. ಚೇಚಿ ಎಂದರೆ ಅಲ್ಲಿಯ ಅಕ್ಕ, ನನಗಿಂತ ಹತ್ತು ವರ್ಷ ದೊಡ್ಡವರು. ಬೆರಳು ಟೈಪ್ ಮಾಡುತ್ತಿರುವಾಗಲೇ ಬಾಯಿಯಲ್ಲಿ ಊರ ಸುದ್ದಿಯನ್ನೆಲ್ಲ ಹೇಳಬಲ್ಲವರು. ರೈಗಳು ಬಲಗೈಯಲ್ಲಿ ಪಳಂಪೊರಿ ಹಿಡಿದು ಯಾವುದೋ ಕಥೆ ಹೇಳುತ್ತಿದ್ದರು, ಮಲಯಾಳದಲ್ಲಿ. ಕಥೆಯ ನಡುವೆ ಅವರ ಮಾತು ಬೇರೆ ದಾರಿ ಹಿಡಿಯಿತು. ಸುತ್ತಲಿದ್ದವರು ತಲೆಯಾಡಿಸಿ ನಕ್ಕರು. ರೈ ಸಾರ್ ಉತ್ಸಾಹ ಹೆಚ್ಚಾದಾಗ ಕನ್ನಡಕ್ಕೆ ತಿರುಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಪಳಂಪೊರಿ ಕೈಯಿಂದ ಜಾರಿ ಚಹಾದ ಲೋಟಕ್ಕೆ ಬಿತ್ತು. ಮತ್ತೆ ನಗು. ಓಮನ ಚೇಚಿ ನನ್ನ ಕಡೆ ತಿರುಗಿ, ಸಾರ್ ಕನ್ನಡದಲ್ಲಿ ಏನು ಹೇಳಿದರು, ನಮಗೂ ಹೇಳು ಎಂದರು.

ನಾನೂ ನಗುತ್ತಿದ್ದೆ. ಬೇರೆಯವರಿಗಿಂತ ಜೋರಾಗಿಯೇ ನಗುತ್ತಿದ್ದೆ. ರೈಗಳು ಯಾರದೋ ಅಣಕ ಮಾಡುತ್ತಿದ್ದಾರೆ ಎಂದುಕೊಂಡೆ, ಅವರಿಗೆ ಆ ಕಲೆಯೂ ಇತ್ತು. ಚೇಚಿಗೆ ಹೇಳೋಣವೆಂದು ಕಿವಿಗೊಟ್ಟೆ. ಒಂದು ವಾಕ್ಯ ಕೇಳಿದೆ. ಇನ್ನೊಂದು ಕೇಳಿದೆ. ಏರಿಳಿತವೆಲ್ಲ ರೈಗಳದ್ದೇ, ನಡುನಡುವೆ ಎತ್ತುವ ರಾಗವೂ ಅವರದ್ದೇ. ಆದರೆ ಅದು ಕನ್ನಡವಾಗಿರಲಿಲ್ಲ. ತುಳುವೂ ಅಲ್ಲ. ಅಲ್ಲಿದ್ದವರಿಗೆ ಅದು ಕನ್ನಡದಂತೆ ಕೇಳುತ್ತಿತ್ತು, ಯಾಕೆಂದರೆ ಅವರಿಗೆ ಕನ್ನಡ ಬರುತ್ತಿರಲಿಲ್ಲ. ಅದು ಯಾವ ಭಾಷೆಯೂ ಅಲ್ಲ ಎಂದು ತಿಳಿಯಬಹುದಾಗಿದ್ದವಳು ಆ ಹಾಲಿನಲ್ಲಿ ನಾನೊಬ್ಬಳೇ.

ಆಗ ನನ್ನ ತಲೆಗೆ ಬಂದದ್ದು ‘ವಾಕ್‌ಸ್ಖಲನ’ ಅಲ್ಲ. ಅವರು ಹೊಡೆದು ಹಾಕಿದ್ದ ನನ್ನ ಕರಡು. ಮಾತು ತೊದಲುವುದು. ಕಣ್ಣೆತ್ತಿ ಅವರ ಮುಖ ನೋಡಿದೆ. ಬಲಗಡೆಯ ತುಟಿ ಕೆಳಗಿಳಿದಿತ್ತು, ಎಡಗಡೆ ನಗುತ್ತಿತ್ತು. ಎರಡೂ ಕೈ ಮುಂದಕ್ಕೆ ಚಾಚಿ ರೈಗಳೇ ಎಂದೆ, ನಾನೇ ಚಾಚಿ ತೋರಿಸಿದೆ. ಎಡಗೈ ಎದ್ದಿತು. ಬಲಗೈ ಮೇಜಿನ ಅಂಚಿನಲ್ಲಿ ಸ್ವಲ್ಪ ಅಲುಗಿ ಹಾಗೆಯೇ ಮಲಗಿತು.

ಆಮೇಲೆ ಎಲ್ಲರೂ ಒಟ್ಟಿಗೆ ಬುದ್ಧಿ ಹೇಳತೊಡಗಿದರು. ಸಕ್ಕರೆ ಇಳಿದಿರಬೇಕು, ಬಾಯಿಗೆ ಸಿಹಿ ಹಾಕಿ ಎಂದರು ಒಬ್ಬರು. ಸ್ವಲ್ಪ ಹೊತ್ತು ಮಲಗಿಸಿದರೆ ಸರಿಯಾಗುತ್ತದೆ ಎಂದರು ಇನ್ನೊಬ್ಬರು. ವಿಭಾಗದ ಮೇಲಧಿಕಾರಿ, ಒಳ್ಳೆಯ ಮನುಷ್ಯರೇ, ಮೊದಲು ಹೆಂಡತಿಗೆ ತಿಳಿಸೋಣ, ಅವರು ಬಂದ ಮೇಲೆ ನೋಡೋಣ ಎಂದರು. ಚೇಚಿ ನೀರಿನ ಲೋಟವನ್ನು ರೈಗಳ ತುಟಿಗೆ ತಂದಿದ್ದರು. ನಾನು ಆ ಲೋಟವನ್ನು ಕಿತ್ತುಕೊಂಡೆ. ನುಂಗಲಾಗದೆ ಶ್ವಾಸಕೋಶಕ್ಕೆ ಹೋಗಬಹುದು, ಬಾಯಿಗೆ ಏನೂ ಕೊಡಬಾರದು ಎಂಬುದು ಕರಪತ್ರದ ನಾಲ್ಕನೆಯ ಸಾಲು. ಸಭೆಯಲ್ಲಿ ಎಂದೂ ಎದ್ದು ಒಂದು ಮಾತು ಆಡಿರದ ನಾನು, ಅವರ ಎದುರು, ಸುಮಾರಾದ ಮಲಯಾಳದಲ್ಲಿ, ಇದು ಪಾರ್ಶ್ವವಾಯು, ಈಗಲೇ ಜೀಪು ಬೇಕು, ದೊಡ್ಡ ಆಸ್ಪತ್ರೆಗೇ ಹೋಗಬೇಕು ಎಂದೆ. ಅವರು ನನ್ನನ್ನೊಮ್ಮೆ ನೋಡಿ, ಡ್ರೈವರನ್ನು ಕರೆದರು.

ಜೀಪಿಗೆ ಹತ್ತಿಸುವುದೇ ಕಷ್ಟವಾಯಿತು. ರೈಗಳ ಪ್ರಕಾರ ಅವರಿಗೆ ಏನೂ ಆಗಿರಲಿಲ್ಲ. ಅವರು ಸ್ವಚ್ಛವಾಗಿ ಮಾತಾಡುತ್ತಿದ್ದರು, ನಾವೇ ಅರ್ಥವಾಗದವರಂತೆ ನಟಿಸುತ್ತಿದ್ದೆವು. ಎಡಗೈಯಿಂದ ನನ್ನ ಭುಜ ದೂಡಿ ಮೇಜಿನ ಕಡೆ ಹೋಗಲು ನೋಡಿದರು. ಕೊನೆಗೆ ನಾನು ಮೇಜಿನ ಮೇಲಿದ್ದ ಕೆಂಪು ಪೆನ್ನನ್ನು ತೆಗೆದು ಅವರ ಕಿಸೆಗೆ ಸಿಕ್ಕಿಸಿ, ಇವತ್ತಿನ ಕೆಲಸ ಮುಗಿಯಿತು ರೈಗಳೇ ಎಂದೆ. ಅದು ಅವರಿಗೆ ತಿಳಿಯಿತು ಎಂದು ಕಾಣುತ್ತದೆ, ಹೆಜ್ಜೆ ಎತ್ತಿದರು. ಜೀಪಿನಿಂದಲೇ ಅವರ ಹೆಂಡತಿ ಸುಶೀಲಕ್ಕನಿಗೆ ಫೋನ್ ಮಾಡಿದೆ. ಅವರ ಬಾಡಿಗೆ ಮನೆ ಇದ್ದದ್ದು ಉಳ್ಳೂರಿನಲ್ಲಿ, ಆಸ್ಪತ್ರೆಗೆ ನಡೆದು ಬರುವಷ್ಟು ಹತ್ತಿರ.

ಅಲ್ಲಿ ತುರ್ತು ವಿಭಾಗದ ಯುವ ವೈದ್ಯೆ ಕೇಳಿದ ಮೊದಲ ಪ್ರಶ್ನೆ ಏನಾಯಿತು ಎಂದಲ್ಲ. ಇವರು ಸರಿಯಾಗಿದ್ದದ್ದನ್ನು ಕೊನೆಯ ಬಾರಿ ನೋಡಿದ್ದು ಎಷ್ಟು ಗಂಟೆಗೆ, ಎಂದು. ನಾನು ಬೆರಳಲ್ಲಿ ಲೆಕ್ಕ ಹಾಕತೊಡಗಿದೆ. ನಮ್ಮ ಜೊತೆಗೇ ಜೀಪು ಹತ್ತಿ ಬಂದಿದ್ದ ಓಮನ ಚೇಚಿ, ಪಳಂಪೊರಿ ಬರುವಾಗ ಸರಿಯಿದ್ದರು, ಅದು ಬರುವುದು ಹನ್ನೊಂದಕ್ಕೆ, ತಟ್ಟೆಯಿಂದ ತಮ್ಮದನ್ನು ಆರಿಸಿಕೊಂಡದ್ದು ಹನ್ನೊಂದೂ ಐದಕ್ಕೆ, ದೊಡ್ಡದನ್ನೇ ಆರಿಸಿದರು ಎಂದರು. ವೈದ್ಯೆ ನಗಲಿಲ್ಲ. ಹನ್ನೊಂದೂ ಐದು ಎಂದು ಬರೆದುಕೊಂಡು, ಗೋಡೆಯ ಗಡಿಯಾರ ನೋಡಿ, ತಲೆಯ ಸ್ಕ್ಯಾನಿಗೆ ಕಳುಹಿಸಿದರು. ಇನ್ನೂ ಹನ್ನೆರಡಾಗಿರಲಿಲ್ಲ.

ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ. ಮೆದುಳಿಗೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ತಡೆಯಾಗಿದೆ, ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆ, ಆದರೆ ಶುರುವಾದ ಮೂರು ಗಂಟೆಯೊಳಗೆ ಕೊಡಬೇಕು ಎಂದರು. ಆ ಕಾಲದಲ್ಲಿ ಮೂರು ಗಂಟೆಯ ಲೆಕ್ಕ. ಈಗ ಅದು ಸ್ವಲ್ಪ ಹಿಗ್ಗಿದೆಯಂತೆ, ಆದರೂ ಎಷ್ಟು ಬೇಗವೋ ಅಷ್ಟು ಒಳ್ಳೆಯದು ಎಂಬುದು ಬದಲಾಗಿಲ್ಲ. ಚುಚ್ಚುಮದ್ದಿನಲ್ಲಿ ಅಪಾಯವೂ ಇದೆ, ಕೆಲವರಿಗೆ ಮೆದುಳಿನಲ್ಲಿ ರಕ್ತ ಸೋರಬಹುದು, ಹಾಗಾಗಿ ಮನೆಯವರ ಒಪ್ಪಿಗೆ ಬೇಕು ಎಂದೂ ಹೇಳಿದರು.

ಅಷ್ಟರಲ್ಲಿ ಸುಶೀಲಕ್ಕ ಬಂದು ನಿಂತಿದ್ದರು. ಅವರಿಗೆ ಮೀನು ಕೊಳ್ಳುವಷ್ಟು ಮಲಯಾಳ ಬರುತ್ತಿತ್ತು, ಅದಕ್ಕಿಂತ ಹೆಚ್ಚಿಲ್ಲ. ವೈದ್ಯೆ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ನನ್ನ ಇಡೀ ನೌಕರಿಯಲ್ಲಿ ಒಂದೊಂದು ಶಬ್ದವನ್ನೂ ಅಷ್ಟು ಎಚ್ಚರದಿಂದ ಆರಿಸಿದ್ದಿಲ್ಲ. ಅಪಾಯವನ್ನು ಕಮ್ಮಿ ಮಾಡಿ ಹೇಳಬಾರದು, ಹೆಚ್ಚು ಮಾಡಿಯೂ ಹೇಳಬಾರದು. ಸುಶೀಲಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೊನೆಯವರೆಗೂ ಕೇಳಿದರು.

“ನಿನ್ನ ಗಂಡನೇ ಆಗಿದ್ದರೆ ನೀನು ಎಂತ ಮಾಡ್ತಿದ್ದೆ?”

“ಕೊಡಿಸ್ತಿದ್ದೆ ಅಕ್ಕ.”

“ಹಾಗಾದರೆ ಪೆನ್ನು ಕೊಡು.”

ಕೊಟ್ಟದ್ದು ರೈಗಳ ಕಿಸೆಯ ಪೆನ್ನು. ಮಲಯಾಳದ ಫಾರಮಿನ ಕೆಳಗೆ, ಕೆಂಪು ಅಕ್ಷರದಲ್ಲಿ, ಕನ್ನಡದ ಒಂದು ಸಹಿ ಬಿತ್ತು.

ಮದ್ದು ಹೋದ ಮೇಲೆ ಕಾಯುವುದಷ್ಟೇ. ನಾವು ಮೂವರು ಹೆಂಗಸರು ವರಾಂಡದಲ್ಲಿ ಒಂದೇ ಬೆಂಚಿನ ಮೇಲೆ ಕುಳಿತೆವು. ಓಮನ ಚೇಚಿ ಸುಶೀಲಕ್ಕನ ಕೈ ಹಿಡಿದುಕೊಂಡಿದ್ದರು. ಸಂಜೆ ಐದರ ಸುಮಾರಿಗೆ ನರ್ಸ್ ಒಳಗೆ ಕರೆದರು. ರೈಗಳ ಬಲಗೈ ಹಾಸಿಗೆಯ ಮೇಲಿತ್ತು. ನಮ್ಮನ್ನು ಕಂಡು ಆ ಕೈಯ ಬೆರಳುಗಳು, ಹಾರ್ಮೋನಿಯಂ ನುಡಿಸುವವರಂತೆ, ಒಂದೊಂದಾಗಿ ಎದ್ದು ಬಿದ್ದವು. ಸುಶೀಲಕ್ಕ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅತ್ತರು, ಅಳುತ್ತಲೇ ಗಂಡನಿಗೆ ತುಳುವಿನಲ್ಲಿ ಬೈದರು. ಆ ಮಾತ್ರೆಯನ್ನು ದಿನಾ ನುಂಗಲು ನಿಮಗೆ ಏನು ದಾಡಿಯಾಗಿತ್ತು ಎಂಬುದು ಬೈಗುಳದ ಸಾರ.

ಕೈಕಾಲು ಬೇಗ ಬಂದವು. ಮಾತು ಮಾತ್ರ ಗೌರವ ಬಿಟ್ಟುಕೊಡದೆ ನಿಧಾನವಾಗಿ ಬಂತು. ಮೂರನೆಯ ದಿನ ಬಂದ ಮೊದಲ ಶಬ್ದ ‘ಚಾಯ’. ಮಲಯಾಳದ ಚಹಾ. ಓಮನ ಚೇಚಿ ಇಡೀ ಕಚೇರಿಗೆ ಡಂಗುರ ಸಾರಿದರು, ಸಾರಿನ ಮೆದುಳಿನೊಳಗೆ ಇರುವುದು ಮಲಯಾಳವೇ ಎಂದು. ರೈಗಳಿಗೆ ಇದು ಕಾಯಿಲೆಗಿಂತ ದೊಡ್ಡ ಅವಮಾನವಾಯಿತು. ಮಾತು ಕಲಿಸಲು ಬರುತ್ತಿದ್ದ ಹುಡುಗಿಗೆ ಮಲಯಾಳ ಮಾತ್ರ ಗೊತ್ತಿದ್ದುದರಿಂದ ಕನ್ನಡದ ಪಾಠ ನನ್ನ ಪಾಲಿಗೆ ಬಂತು. ಕಚೇರಿ ಮುಗಿಸಿ ಉಳ್ಳೂರಿಗೆ ಹೋಗಿ, ಚಿತ್ರ ತೋರಿಸಿ, ಇದು ಮರ, ಇದು ಬಾಗಿಲು ಎನ್ನುತ್ತಿದ್ದೆ. ಎರಡನೆಯ ವಾರ ಒಂದು ದಿನ ನಾನು ಯಾವುದೋ ಚಿತ್ರ ಹಿಡಿದು “ಇದು ಏಣಿಗಳು” ಎಂದೆ. ರೈಗಳು ಕಣ್ಣು ಕಿರಿದು ಮಾಡಿ, ತುಟಿ ಕೂಡಿಸಿ, ಬಹಳ ಹೊತ್ತು ಹೆಣಗಾಡಿ, “ಇವು” ಎಂದರು. “ಇವು ಏಣಿಗಳು.” ನನ್ನ ವ್ಯಾಕರಣ ತಿದ್ದಿದ್ದರು. ಅಡಿಗೆ ಮನೆಯಿಂದ ಸುಶೀಲಕ್ಕ ಸೌಟು ಹಿಡಿದುಕೊಂಡೇ ಓಡಿ ಬಂದರು. ತಪ್ಪು ಮಾಡಿದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ನಾನು ಅದೊಂದೇ ಸಲ.

ನಾಲ್ಕು ತಿಂಗಳ ಮೇಲೆ ಅವರು ಕಚೇರಿಗೆ ಬಂದಾಗ ಕರಪತ್ರದ ಕಡತ ಇಟ್ಟಲ್ಲಿಯೇ ಇತ್ತು. ಸರಕಾರಿ ಕಡತಗಳಿಗೆ ಆ ಒಂದು ಒಳ್ಳೆಯ ಗುಣವಿದೆ, ಯಾರಿಗಾಗಿಯೂ ಅವಸರ ಮಾಡುವುದಿಲ್ಲ. ರೈಗಳು ತೆರೆದು, ಈ ಬಾರಿ ಓದಿದರು. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಕನ್ನಡಕ ಹಾಕಿ, ಬೆರಳಿಟ್ಟುಕೊಂಡು ಓದಿದರು.

“ಈ ವಾಕ್‌ಸ್ಖಲನ ಅಂತ ಬರೆದದ್ದು ಯಾರು?”

“ನೀವೇ.”

ಕೆಂಪು ಪೆನ್ನು ತೆಗೆದು ಅದನ್ನು ಹೊಡೆದರು. ವದನ ವೈರೂಪ್ಯವೂ ಹೋಯಿತು. ನನ್ನ ಕರಡೂ ಉಳಿಯಲಿಲ್ಲ ಎನ್ನಿ, ಅದು ಕೂಡ ಅವರಿಗೆ ಉದ್ದವೆನಿಸಿತು. ಕೊನೆಗೆ ಅಚ್ಚಾದದ್ದು ಹೀಗೆ: ನಗಲು ಹೇಳಿ. ಎರಡೂ ಕೈ ಎತ್ತಲು ಹೇಳಿ. ಒಂದು ಮಾತು ಹೇಳಲು ಹೇಳಿ. ಇವುಗಳಲ್ಲಿ ಒಂದು ತಪ್ಪಿದರೂ ಗಡಿಯಾರ ನೋಡಿ, ಹೊರಡಿ.

ಆಮೇಲಿನ ರೈಗಳನ್ನು ನೀವು ನೋಡಬೇಕಿತ್ತು. ಮೊದಲೇ ಮಾತಿನ ಮನುಷ್ಯ, ಈಗ ಮಾತಿಗೊಂದು ಕೆಲಸ ಸಿಕ್ಕಿತು. ಬಸ್ಸಿನಲ್ಲಿ ಪಕ್ಕದವನಿಗೆ, ಕ್ಷೌರದಂಗಡಿಯಲ್ಲಿ ಕತ್ತರಿ ಹಿಡಿದವನಿಗೆ, ಮದುವೆಯ ಊಟದಲ್ಲಿ ಎಲೆಯ ಮುಂದೆ ಕುಳಿತವನಿಗೆ ಈ ಪಾಠ ನಡೆಯುತ್ತಿತ್ತು. ಕೊಚ್ಚಿಯ ಕನ್ನಡ ಸಂಘದವರು ನವೆಂಬರಿನ ಕಾರ್ಯಕ್ರಮಕ್ಕೆ ಭಾಷಣ ಮಾಡಿ ಎಂದು ಕರೆದಾಗ, ನಾಡು ನುಡಿಯ ಬಗ್ಗೆ ಮಾತಾಡುತ್ತೇನೆ ಎಂದು ಒಪ್ಪಿಕೊಂಡರು. ರೈಗಳು, ಸುಶೀಲಕ್ಕ, ನಾನು ಮೂವರೂ ಬೆಳಗಿನ ಗಾಡಿಯಲ್ಲಿ ಹೋದೆವು. ಸಭೆಯಲ್ಲಿ ಐಟಿ ಪಾರ್ಕಿನ ಹುಡುಗ ಹುಡುಗಿಯರು, ಕೋರ್ಟಿನ ವಕೀಲರು, ಅವರ ಮಕ್ಕಳು. ರೈಗಳು ಎದ್ದು ನಾಡಿನ ಬಗ್ಗೆ ಎರಡು ಮಾತು ಹೇಳಿ, ನುಡಿಯ ಬಗ್ಗೆ ಹೇಳುವುದಾದರೆ, ಅದು ಒಂದು ದಿನ ಹನ್ನೊಂದೂ ಕಾಲು ಗಂಟೆಗೆ ನನ್ನನ್ನು ಬಿಟ್ಟು ಹೋಗಿತ್ತು ಎಂದು ಶುರು ಮಾಡಿದರು.

ಸಭೆ ಅವರ ಕೈಗೆ ಬಂತು. ಕೊನೆಗೆ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿದರು. ಪಕ್ಕದವರ ಕಡೆ ತಿರುಗಿ ನಗಬೇಕು, ಎರಡೂ ಕೈ ಚಾಚಬೇಕು, ಹೆಸರು ಮತ್ತು ಊರು ಹೇಳಬೇಕು. ನೂರು ಜನ ಒಮ್ಮೆಲೇ ಕೈ ಚಾಚಿದರೆ ಏನಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಒಬ್ಬರ ಕನ್ನಡಕ ಹಾರಿತು, ಒಬ್ಬರ ಜಡೆ ಬಿಚ್ಚಿತು. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಊರು ಹೇಳು ಎಂದರೆ ಮಲಯಾಳದಲ್ಲಿ ಉತ್ತರ ಕೊಟ್ಟಳು. ಅವಳ ಅಮ್ಮ ಕನ್ನಡದಲ್ಲಿ ಹೇಳು ಎಂದು ಗದರಿದಾಗ ರೈಗಳು ತಡೆದರು. “ಯಾವ ಭಾಷೆಯಾದರೂ ಆಗುತ್ತದೆ. ಭಾಷೆ ಆಗಿದ್ದರೆ ಸಾಕು.” ಅದನ್ನು ಹೇಳಿದವರು ಸರಕಾರದ ಕನ್ನಡಕ್ಕೆ ತೂಕ ಬೇಕು ಎಂದಿದ್ದ ಅದೇ ಮನುಷ್ಯ.

ಆ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಬಸವರಾಜ ಎಂಬ ಧಾರವಾಡದ ಹುಡುಗ. ಕೊಚ್ಚಿ ಪಕ್ಕದ ಅಂಬಲಮುಗಳಿನ ತೈಲಾಗಾರದಲ್ಲಿ ಎಂಜಿನಿಯರ್. ಅಲ್ಲಿಯೇ ಅಮ್ಮಿಣಿಯಮ್ಮ ಎಂಬ ವಿಧವೆಯ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದ. ಕೆಲವು ತಿಂಗಳ ಮೇಲೆ, ಒಂದು ಭಾನುವಾರ, ನನಗೆ ಅವನಿಂದ ಫೋನ್ ಬಂತು. ಸಂಘದವರಿಂದ ನಂಬರ್ ಇಸಿದುಕೊಂಡಿದ್ದನಂತೆ. ಆ ಬೆಳಿಗ್ಗೆ ಅಮ್ಮಿಣಿಯಮ್ಮ ಪೇಪರ್ ಕೊಡಲು ಬಾಗಿಲಿಗೆ ಬಂದಾಗ ಮುಖದಲ್ಲಿ ಏನೋ ಬೇರೆಯಾಗಿ ಕಂಡಿತು. ಅವನಿಗೆ ಬರುತ್ತಿದ್ದ ಮಲಯಾಳ ಅಷ್ಟಕ್ಕಷ್ಟೇ.

“ನಗ್ರಿ ಅಮ್ಮಾ ಅಂದೆ ಅಕ್ಕಾರ. ಬಾಡಿಗಿಗಿದ್ದಾಂವ ನನಗ ನಗು ಅಂತಾನ ಅಂತ ಸಿಟ್ಟು ಬಂತು ಅವರಿಗೆ. ಬೈಲಿಕ್ಕೆ ಹೋದ್ರು, ಬಾಯಿ ಅರ್ಧಾನ ತಗೀತು. ಆಮ್ಯಾಲ ನಾ ಕೇಳಲಿಲ್ಲ, ಎತ್ತಿಕೊಂಡ ಕಾರಿನ್ಯಾಗ ಹಾಕಿದೆ.”

ಸಮಯಕ್ಕೆ ಸರಿಯಾಗಿ ಚುಚ್ಚುಮದ್ದು ಸಿಕ್ಕಿತ್ತು, ಅಮ್ಮಿಣಿಯಮ್ಮ ಆಗಲೇ ಎರಡೂ ಕೈ ಎತ್ತುತ್ತಿದ್ದರು. ನಾನು ರೈಗಳಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ. ಮಾತು ಮತ್ತೆ ಹೋಯಿತೋ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಮೂಗು ಸೀಟುವ ಸದ್ದು ಕೇಳಿತು.

ಅಮ್ಮಿಣಿಯಮ್ಮನಿಗೆ ಈಗ ಎಂಬತ್ತಾರು. ಈ ವಾರ ಮೊಮ್ಮಗಳ ಮದುವೆ, ಎಲ್ಲರೂ ಬರಲೇಬೇಕು ಎಂದು ಅವರೇ ಫೋನ್ ಮಾಡಿ ಅಪ್ಪಣೆ ಮಾಡಿದ್ದಾರೆ. ಬಸವರಾಜ ಹೆಂಡತಿ ಮಕ್ಕಳೊಂದಿಗೆ ನಿನ್ನೆಯೇ ಬಂದು ಚಪ್ಪರದ ಕೆಲಸ ನೋಡುತ್ತಿದ್ದಾನಂತೆ. ನಿವೃತ್ತಿಯಾಗಿ ಕುಂಬಳೆಗೆ ಮರಳಿದ ರೈಗಳು ಸುಶೀಲಕ್ಕನ ಜೊತೆ ಈ ಗಾಡಿಯಲ್ಲಿ ಬರುತ್ತಿದ್ದಾರೆ. ಆಲುವದಲ್ಲಿ ಮನೆ ಮಾಡಿರುವ ನಾನು ಅವರನ್ನು ಇಳಿಸಿಕೊಂಡು ಅಂಬಲಮುಗಳಿಗೆ ಕರೆದೊಯ್ಯಬೇಕು. ಇಷ್ಟು ಹೇಳುವಾಗ ಗಾಡಿ ಬಂದೇ ಬಿಟ್ಟಿತು.

ಮೊದಲು ಇಳಿದದ್ದು ಸುಶೀಲಕ್ಕ. ಕಣ್ಣೂರಿನಿಂದ ಇಲ್ಲಿಯ ತನಕ ಎದುರಿನ ಸೀಟಿನವರಿಗೆ ಒಂದು ನಿಮಿಷ ಕಣ್ಣು ಮುಚ್ಚಲು ಬಿಡಲಿಲ್ಲ ನಿನ್ನ ಗುರುಗಳು ಎಂದು ದೂರಿದರು. ಹಿಂದೆ ರೈಗಳು. ಎಪ್ಪತ್ತು ದಾಟಿದೆ, ಬಲಗಾಲು ಸ್ವಲ್ಪ ಹಿಂದೆ ಉಳಿಯುತ್ತದೆ, ಮಾತು ಅದಕ್ಕಾಗಿ ಕಾಯುವುದಿಲ್ಲ. ಚೀಲ ತೆಗೆದುಕೊಂಡು ಅವರ ಪಕ್ಕದಲ್ಲಿ ನಡೆದೆ. ಒಂದು ಕಾಲದಲ್ಲಿ ತಪ್ಪಿಸಿಕೊಳ್ಳುತ್ತಿದ್ದ ಆ ಕನ್ನಡವನ್ನು ಸುಮ್ಮನೆ ಕೇಳುತ್ತಾ, ಅವರು ಉಸಿರು ತೆಗೆದುಕೊಳ್ಳಲು ನಿಂತಾಗ, ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ಅವತ್ತು ಎಲ್ಲರೂ ನಕ್ಕಾಗ ನಾನೂ ನಕ್ಕಿದ್ದೆ, ನನಗೆ ತಿಳಿಯಬೇಕಿತ್ತು, ಒಂದೆರಡು ನಿಮಿಷ ನಗುವುದರಲ್ಲೇ ಹೋಯಿತು ಎಂದೆ.

ರೈಗಳು ಪ್ಲಾಟ್‌ಫಾರಮಿನ ನಡುವೆ ನಿಂತರು. ನನ್ನ ಮುಖ ನೋಡಿದರು.

“ನಾನು ಸಹ ನಗಾಡಿದ್ದೆ ಮಾರಾಯ್ತಿ,” ಎಂದರು. “ಅರ್ಧವೇ ಬಂದದ್ದು.”